ಬಿ.ಕಾಂ. ಮುಗೀತು, ಮುಂದೇನು?

ನಾನು ಹಾಸನದ ಕಡೆ ಡಿಗ್ರಿ ಕಾಲೇಜಿನಲ್ಲಿ ಅಕೌಂಟ್ಸ್ ಪಾಠ ಮಾಡುತ್ತೇನೆ. ಕೊನೇ ಸೆಮಿಸ್ಟರ್ ಮುಗಿಸಿದ ಮಕ್ಕಳು ಸ್ಟಾಫ್ ರೂಮಿಗೆ ಬಂದು ಕೇಳುವುದು ಇದನ್ನೇ: "ಮೇಡಂ, ಸಿಎ ಮಾಡ್ಲಾ, ಬ್ಯಾಂಕ್ ಪರೀಕ್ಷೆ ಬರೀಲಾ, ಎಂ.ಕಾಂ. ಸೇರ್ಲಾ?" ಮನೆಯಲ್ಲಿ ಕೂತು ಯೋಚಿಸಿದರೆ ಇದು ತೀರ್ಮಾನ ಆಗುವುದಿಲ್ಲ. ಕೆಲಸವನ್ನು ಹತ್ತಿರದಿಂದ ನೋಡಲೇಬೇಕು.

ಸಿಎ ಮನಸ್ಸಿನಲ್ಲಿದ್ದರೆ ನಿಮ್ಮೂರಿನ ಆಡಿಟರ್ ಹತ್ತಿರ ಹೋಗಿ, "ಎರಡು ವಾರ ಸಂಬಳ ಬೇಡ, ಕೆಲಸ ನೋಡ್ತೀನಿ ಸರ್" ಎಂದು ಕೇಳಿ. ತಿಂಗಳ 10ರಿಂದ 20ರ ನಡುವೆಯೇ ಹೋಗಿ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ತೆರಿಗೆ ಲೆಕ್ಕ ಒಪ್ಪಿಸುವ 3ಬಿಗೆ 20 ಕೊನೇ ದಿನ. ಬಿಲ್ಲು ತಾಳೆಯಾಗುವುದಿಲ್ಲ, ಅಂಗಡಿಯವರು ಫೋನ್ ಎತ್ತುವುದಿಲ್ಲ, ಕತ್ತಲಾದರೂ ಯಾರೂ ಮನೆಗೆ ಹೊರಡುವುದಿಲ್ಲ. ಆ ಹೊತ್ತಿನಲ್ಲಿ ತಪ್ಪಿದ ಲೆಕ್ಕ ಹುಡುಕುವುದು ನಿಮಗೆ ಹಿಡಿಸಿತಾ, ತಲೆ ಚಿಟ್ಟು ಹಿಡೀತಾ? ಹಿಡಿಸಿದರೆ ಧೈರ್ಯವಾಗಿ ಸೇರಿ. ಬಿ.ಕಾಂ.ನಲ್ಲಿ 55% ಬಂದವರು ಸಿಎಯ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತವಾದ ಇಂಟರ್‌ಮೀಡಿಯೇಟ್‌ಗೆ ಹೋಗಬಹುದು. 2023ರ ಹೊಸ ನಿಯಮದಲ್ಲಿ ಆಡಿಟರ್ ಹತ್ತಿರ ಕೆಲಸ ಕಲಿಯುವ ಆರ್ಟಿಕಲ್‌ಶಿಪ್ 2 ವರ್ಷಕ್ಕೆ ಇಳಿದಿದೆ.

ಬ್ಯಾಂಕಿನ ಆಸೆ ಇದ್ದವರು ಕೋಚಿಂಗ್ ಫೀಸ್ ಕಟ್ಟುವ ಮುಂಚೆ ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಹಳೇ ಪ್ರಿಲಿಮ್ಸ್ (ಮೊದಲ ಹಂತದ) ಪೇಪರ್ ಬಿಡಿಸಿ. ಕ್ಲರ್ಕ್ ಹುದ್ದೆಯದಾದರೆ 100 ಪ್ರಶ್ನೆ, 60 ನಿಮಿಷ. ಮೊದಲ ಅಂಕ ನೋಡಿ ಎದೆಗುಂದಬೇಡಿ. ಒಂದು ತಿಂಗಳು ದಿನಾ ಬಿಡಿಸಿದ ಮೇಲೆ ವೇಗ ಹೆಚ್ಚಾಯಿತಾ, ಅದನ್ನು ನೋಡಿ. ಸಾಮಾನ್ಯ ವರ್ಗಕ್ಕೂ ಕ್ಲರ್ಕ್‌ಗೆ 28, ಪಿಒಗೆ (ಪ್ರೊಬೇಷನರಿ ಆಫೀಸರ್) 30 ವರ್ಷದವರೆಗೆ ಅವಕಾಶವಿದೆ. 21ಕ್ಕೇ ಗಾಬರಿ ಯಾಕೆ? ಆದರೆ ಎಲ್ಲಿಯವರೆಗೆ ಓದುತ್ತೀರಿ ಎಂಬ ತಾರೀಖನ್ನು ಅಪ್ಪ-ಅಮ್ಮನ ಮುಂದೆ ಕೂತು ಬರೆದಿಡಿ. ವರ್ಷಗಟ್ಟಲೆ "ಪ್ರಿಪೇರ್ ಆಗ್ತಿದೀನಿ" ಅಂತ ಕೂತು, ನೆಂಟರ ಮದುವೆಗೂ ಹೋಗಲು ಹಿಂಜರಿಯುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಾರೀಖು ಗೊತ್ತಿದ್ದರೆ ಮನೆಯವರೂ ದಿನಾ ಕೇಳುವುದಿಲ್ಲ.

ಎಂ.ಕಾಂ.? ಪಾಠ ಹೇಳುವ ಆಸೆ ಇದ್ದರೆ ಸೇರಿ, ಸುಮ್ನೆ ದಿನ ತಳ್ಳಲು ಬೇಡ. ಪಕ್ಕದ ಮನೆಯ ಪಿಯುಸಿ ಹುಡುಗಿಗೆ ಅಕೌಂಟ್ಸ್ ಹೇಳಿಕೊಟ್ಟು ನೋಡಿ. ಅದೇ ಪ್ರಶ್ನೆಯನ್ನು ಅವಳು ಮತ್ತೆ ಮತ್ತೆ ಕೇಳಿದರೂ ಬೇಜಾರಾಗದಿದ್ದರೆ ನಿಮ್ಮಲ್ಲಿ ಮೇಷ್ಟ್ರಿದ್ದಾರೆ.

ಇನ್ನೊಂದು ವಿಷಯ. ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3000 ರೂಪಾಯಿ ಸಿಗುತ್ತದೆ, ಹೆಚ್ಚೆಂದರೆ 2 ವರ್ಷ. ಓದು ಮುಂದುವರಿಸಿದವರಿಗೆ ಇಲ್ಲ. ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಬ್ಯಾಂಕ್ ಪರೀಕ್ಷೆಗೆ ಓದುವವರು ಪುಸ್ತಕಕ್ಕೆ, ಫೀಸಿಗೆ ಮನೆಯಲ್ಲಿ ಕೈಚಾಚುವುದು ತಪ್ಪುತ್ತದೆ.