ಯಹೂದಿ ಮಹಿಳಾ ಸಂಘದ ಸೇವಾಕಾರ್ಯಗಳು: ಹೊಸದಾಗಿ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ಅಮೆರಿಕಕ್ಕೆ ಬಂದಿಳಿದ ಮೊದಲ ಕೆಲವು ತಿಂಗಳುಗಳು ಮನೆ, ಶಾಲೆ, ಕಾರು, ವಿಮೆ ಇವುಗಳ ಓಡಾಟದಲ್ಲೇ ಕಳೆದುಹೋಗುತ್ತವೆ. ನಾವಿರುವ ಊರಿನಲ್ಲಿ ಯಾರು ಯಾರಿಗಾಗಿ ದುಡಿಯುತ್ತಿದ್ದಾರೆ ಎಂಬುದು ಗೊತ್ತಾಗುವಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ನ್ಯಾಷನಲ್ ಕೌನ್ಸಿಲ್ ಆಫ್ ಜ್ಯೂಯಿಷ್ ವಿಮೆನ್ ಎಂಬ ಮಹಿಳಾ ಸಂಘದ ವಿಷಯದಲ್ಲಿ ನಮ್ಮವರಲ್ಲಿ ಅನೇಕರಿಗೆ ಹೀಗೆಯೇ ಆಗಿದೆ. ಹೆಸರಿನಲ್ಲಿ ಯಹೂದಿ ಎಂದಿರುವುದರಿಂದ ಅದು ಆ ಸಮುದಾಯದವರಿಗಷ್ಟೇ ಮೀಸಲು ಎಂದುಕೊಂಡು ಹೊರಗೇ ಉಳಿದವರು ಹಲವರು. ವಾಸ್ತವದಲ್ಲಿ ಅದರ ಬಹುಪಾಲು ಸೇವಾಕಾರ್ಯಗಳು ಎಲ್ಲರಿಗೂ ತೆರೆದಿವೆ, ಮತ್ತು ನಮ್ಮಂತೆ ದೂರದಿಂದ ಬಂದ ಹೆಂಗಸರಿಗೆ ನೆರವಾಗುವುದು ಆ ಸಂಘದ ಮೊದಮೊದಲ ಕೆಲಸಗಳಲ್ಲಿ ಒಂದಾಗಿತ್ತು.

1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಶಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ನಮಗೆಲ್ಲ ತಿಳಿದಿದೆ. ಅದೇ ಸಮ್ಮೇಳನದ ಅಂಗವಾಗಿ, ಅದೇ ತಿಂಗಳ ಮೊದಲ ವಾರದಲ್ಲಿ, ಹ್ಯಾನಾ ಸಾಲೊಮನ್ ಅವರ ಮುಂದಾಳತ್ವದಲ್ಲಿ ಯಹೂದಿ ಮಹಿಳೆಯರು ತಮ್ಮದೇ ಒಂದು ಸಮಾವೇಶವನ್ನು ನಡೆಸಿದರು. ಗಂಡಸರು ರೂಪಿಸಿದ ಕಾರ್ಯಕ್ರಮದಲ್ಲಿ ತಮಗೆ ಮಾತನಾಡಲು ತಕ್ಕ ಅವಕಾಶ ದೊರೆಯದೆ ಹೋದದ್ದರಿಂದ ಪ್ರತ್ಯೇಕವಾಗಿ ಸೇರಿದ ಆ ಮಹಿಳೆಯರು, ಸಮಾವೇಶ ಮುಗಿಯುವ ಹೊತ್ತಿಗೆ ಈ ಸಂಘವನ್ನು ಕಟ್ಟುವ ನಿರ್ಧಾರ ಮಾಡಿದರು. ಮುಂದಿನ ದಶಕದಲ್ಲಿ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಅವರ ಪ್ರತಿನಿಧಿಗಳು ನಿಂತು, ಹಡಗಿನಿಂದ ಒಂಟಿಯಾಗಿ ಇಳಿಯುವ ಹುಡುಗಿಯರನ್ನು ಅವರದೇ ಯಿಡ್ಡಿಷ್ ಭಾಷೆಯಲ್ಲಿ ಮಾತನಾಡಿಸಿ, ಮೋಸಗಾರರ ಕೈಗೆ ಸಿಕ್ಕದಂತೆ ಬಂಧುಗಳ ವಿಳಾಸಕ್ಕೆ ತಲುಪಿಸುತ್ತಿದ್ದರು. ಹೊಸ ಊರಿನಲ್ಲಿ ತನ್ನ ಭಾಷೆಯ ಒಂದು ಮಾತು ಕಿವಿಗೆ ಬಿದ್ದಾಗ ಆಗುವ ಸಮಾಧಾನವನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಂದು ಈ ಸಂಘಕ್ಕೆ ಅನೇಕ ನಗರಗಳಲ್ಲಿ ಶಾಖೆಗಳಿವೆ, ಮತ್ತು ಪ್ರತಿಯೊಂದು ಶಾಖೆಯೂ ತನ್ನ ಊರಿಗೆ ಬೇಕಾದ ಕೆಲಸವನ್ನು ತಾನೇ ಆರಿಸಿಕೊಳ್ಳುತ್ತದೆ. ಹೀಗಾಗಿ ಒಂದು ಊರಿನಲ್ಲಿ ಕಂಡದ್ದು ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ಸೇಂಟ್ ಲೂಯಿಸ್ ಶಾಖೆಯ ಶಾಲಾರಂಭದ ಅಂಗಡಿ ನಮಗೆ ಎಲ್ಲಕ್ಕಿಂತ ಹಿಡಿಸಿದ ಕಾರ್ಯ. ಬೇಸಿಗೆ ರಜೆ ಮುಗಿಯುವ ಮುನ್ನ ದೊಡ್ಡದೊಂದು ಜಾಗವನ್ನು ಅಂಗಡಿಯಂತೆಯೇ ಸಜ್ಜುಗೊಳಿಸಿ, ಬಡ ಕುಟುಂಬಗಳ ಮಕ್ಕಳನ್ನು ಅಲ್ಲಿಗೆ ಕರೆಸುತ್ತಾರೆ. ಪ್ರತಿ ಮಗುವಿನ ಜೊತೆಗೂ ಒಬ್ಬ ಸ್ವಯಂಸೇವಕಿ ನಡೆಯುತ್ತಾರೆ. ಹೊಸ ಬಟ್ಟೆ, ಬೂಟು, ಪುಸ್ತಕದ ಚೀಲಗಳಲ್ಲಿ ತನಗೆ ಯಾವ ಬಣ್ಣ ಬೇಕು, ಯಾವುದು ಬೇಡ ಎಂಬುದನ್ನು ಮಗುವೇ ಹೇಳುತ್ತದೆ. ಗಂಟು ಕಟ್ಟಿ ಕೈಗಿಡುವುದಕ್ಕೂ ಹೀಗೆ ಆರಿಸಿಕೊಳ್ಳಲು ಬಿಡುವುದಕ್ಕೂ ಇರುವ ಅಂತರ ದೊಡ್ಡದು. ಯಹೂದಿಗಳು ದಾನಕ್ಕೆ ಬಳಸುವ ‘ತ್ಸೆದಾಕಾ’ ಎಂಬ ಪದದ ಮೂಲದಲ್ಲಿ ನ್ಯಾಯ ಎಂಬ ಅರ್ಥವಿದೆ. ಈ ಅಂಗಡಿಯನ್ನು ನೋಡಿದವರಿಗೆ ಆ ಅರ್ಥ ತಾನಾಗಿ ಮನಸ್ಸಿಗೆ ಬರುತ್ತದೆ. ಆದರೆ ಇದು ಯಾರು ಬೇಕಾದರೂ ಹೋಗಿ ಸಾಮಾನು ತರುವ ಜಾಗವಲ್ಲ. ನೆರವು ಬೇಕಾದ ಮಕ್ಕಳನ್ನು ಸಾಮಾನ್ಯವಾಗಿ ಶಾಲೆಗಳು ಮತ್ತು ಸಮಾಜಸೇವಾ ಸಂಸ್ಥೆಗಳು ಗುರುತಿಸಿ ಕಳುಹಿಸುತ್ತವೆ. ನಮ್ಮಲ್ಲಿ ಹೆಚ್ಚಿನವರಿಗೆ ಅಲ್ಲಿರುವ ಕೆಲಸ ಮಗುವಿನ ಕೈಹಿಡಿದು ನಡೆಯುವುದು.

ಪಿಟ್ಸ್‌ಬರ್ಗ್ ಶಾಖೆಯವರು ನ್ಯಾಯಾಲಯದಲ್ಲಿ ಮಕ್ಕಳ ಕೋಣೆಗಳನ್ನು ನಡೆಸುವುದಕ್ಕೆ ಹೆಸರಾದವರು. ತಂದೆತಾಯಿಯ ವ್ಯಾಜ್ಯ ನಡೆಯುವಾಗ ಮಗು ಆ ಮಾತುಗಳನ್ನು ಕೇಳುತ್ತ ಕೂರುವ ಬದಲು ಆಟಿಕೆಗಳ ನಡುವೆ ಇರುತ್ತದೆ. ಲಾಸ್ ಏಂಜಲಿಸ್ ಶಾಖೆ ಬಳಸಿದ ವಸ್ತುಗಳನ್ನು ಮಾರುವ ಥ್ರಿಫ್ಟ್ ಅಂಗಡಿಗಳನ್ನು ನಡೆಸಿ, ಬಂದ ಹಣವನ್ನು ಸೇವಾಕಾರ್ಯಗಳಿಗೆ ವಿನಿಯೋಗಿಸುತ್ತದೆ.

ಚಿಕ್ಕ ಮಕ್ಕಳಿರುವ ಮನೆಯವರು ಹಿಪ್ಪಿ (HIPPY) ಎಂಬ ಕಾರ್ಯಕ್ರಮವನ್ನೂ ತಿಳಿದಿರಬೇಕು. 1969ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ, ಈ ಸಂಘವು ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಅವಿಮಾ ಲೊಂಬಾರ್ಡ್ ಅವರು ಇದನ್ನು ರೂಪಿಸಿದರು; 1984ರಲ್ಲಿ ಇದು ಅಮೆರಿಕಕ್ಕೆ ಬಂದಿತು. ಶಾಲೆಗೆ ಸೇರುವ ಮುನ್ನ ಮಗುವಿಗೆ ತಾಯಿಯೋ ತಂದೆಯೋ ಮನೆಯಲ್ಲೇ ಪಾಠ ಮಾಡುವಂತೆ, ಅದೇ ನೆರೆಹೊರೆಯ ತರಬೇತಾದ ಒಬ್ಬರು ಮನೆಗೆ ಬಂದು ಕಥೆಪುಸ್ತಕ ಮತ್ತು ಚಟುವಟಿಕೆಗಳನ್ನು ಅಭ್ಯಾಸ ಮಾಡಿಸುತ್ತಾರೆ. ಇಂಗ್ಲಿಷ್ ಸರಾಗವಾಗಿ ಬಾರದ ತಾಯಿಯೂ ತನ್ನ ಮಗುವಿಗೆ ಮೊದಲ ಗುರುವೇ ಎಂಬ ನಂಬಿಕೆ ಇದರ ಅಡಿಪಾಯ.

ಸ್ವಯಂಸೇವೆಗೆ ಹೋಗುವ ಮುನ್ನ

ಎಚ್-4 ವೀಸಾದಲ್ಲಿ (ಎಚ್-1ಬಿಯಂಥ ವೀಸಾದಲ್ಲಿ ಕೆಲಸ ಮಾಡುವವರ ಕುಟುಂಬದವರಿಗೆ ಕೊಡುವ ವೀಸಾ) ಬಂದು, ಕೆಲಸದ ಪರವಾನಗಿ ಇಲ್ಲದೆ ಮನೆಯಲ್ಲಿರುವವರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇವೆ. ಸಾಮಾನ್ಯವಾಗಿ ಸ್ವಯಂಸೇವಕರೇ ಮಾಡುವಂಥ ಕೆಲಸವನ್ನು, ಲಾಭರಹಿತ ಸಂಸ್ಥೆಯಲ್ಲಿ, ಯಾವ ಪ್ರತಿಫಲವನ್ನೂ ಪಡೆಯದೆ ಮಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಸಂಬಳಕ್ಕೆ ಇನ್ನೊಬ್ಬರು ಮಾಡುವ ಕೆಲಸವನ್ನು ಬಿಟ್ಟಿಯಾಗಿ ಮಾಡುವುದು, ಗೌರವಧನ ಅಥವಾ ಗಿಫ್ಟ್ ಕಾರ್ಡ್ ಪಡೆಯುವುದು ತೊಂದರೆಗೆ ದಾರಿಯಾಗಬಹುದು. ಸಂದೇಹವಿದ್ದರೆ ಸ್ನೇಹಿತರ ಮಾತನ್ನು ನಂಬದೆ ವಲಸೆ ವಕೀಲರನ್ನೇ ಕೇಳಿ. ಮಕ್ಕಳೊಂದಿಗೆ ಬೆರೆಯುವ ಕೆಲಸಗಳಿಗೆ ಹಿನ್ನೆಲೆ ಪರಿಶೀಲನೆ ನಡೆಸುವುದು ರೂಢಿ. ನಿಮಗಿನ್ನೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ, ಪಾಸ್‌ಪೋರ್ಟ್ ಸಾಕಾಗುವುದೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಈ ಸಂಘವು ಮಹಿಳೆಯರ ಹಕ್ಕುಗಳು, ಗರ್ಭಪಾತದ ಹಕ್ಕು ಮೊದಲಾದ ವಿಷಯಗಳಲ್ಲಿ ಬಹಿರಂಗ ನಿಲುವು ತಳೆದಿರುವುದೂ ನಿಮಗೆ ತಿಳಿದಿರಲಿ. ಅಂಗಡಿಯಲ್ಲಿ ಬಟ್ಟೆ ಮಡಿಸಲು ಹೋದವರು ಆ ನಿಲುವನ್ನು ಒಪ್ಪಲೇಬೇಕೆಂದಿಲ್ಲ, ಆದರೆ ತಿಳಿದು ಹೋಗುವುದು ಮರ್ಯಾದೆ.

ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಯಹೂದಿಗಳ ವಿಶ್ರಾಂತಿಯ ದಿನ. ಆ ಹೊತ್ತಿನಲ್ಲಿ, ಹಾಗೆಯೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬರುವ ಅವರ ಹೊಸವರ್ಷ ಮತ್ತು ಉಪವಾಸದ ದಿನಗಳಲ್ಲಿ, ಕರೆಗೆ ಉತ್ತರ ಬಾರದಿದ್ದರೆ ಬೇಸರಿಸಬೇಡಿ. ವಸಂತದ ಪಾಸೋವರ್ ಹಬ್ಬಕ್ಕೆ ಆಹಾರ ಸಂಗ್ರಹಿಸುವ ಕಡೆ ನಾವು ಪ್ರೀತಿಯಿಂದ ಮಾಡಿದ ಚಕ್ಕುಲಿಯನ್ನೂ ಸ್ವೀಕರಿಸಲಾಗದು. ಆ ಹಬ್ಬಕ್ಕೆ ಕೋಷರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು, ಎಂಬ ಗುರುತುಳ್ಳ, ಮೊಹರು ಒಡೆಯದ ಪೊಟ್ಟಣಗಳೇ ಬೇಕು. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರಲ್ಲಿ 11 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಆದ್ದರಿಂದ ಯಹೂದಿ ಕಟ್ಟಡಗಳ ಬಾಗಿಲಲ್ಲಿ ಚೀಲ ತಪಾಸಣೆಯಾದರೆ ಅದನ್ನು ಅವಮಾನವೆಂದು ತಿಳಿಯದೆ, ಗುರುತಿನ ಚೀಟಿಯೊಂದಿಗೆ, ಮೊದಲೇ ಹೆಸರು ಕೊಟ್ಟು ಹೋಗಿ.

ಕೊಳ್ಳುವುದು, ಕೊಡುವುದು

ಇನ್ನೊಬ್ಬರು ಉಟ್ಟ ಬಟ್ಟೆಯನ್ನು ಮನೆಗೆ ತರುವುದೇ ಎಂಬ ಸಂಕೋಚ ನಮ್ಮಲ್ಲಿ ಹಿರಿಯರಿಗಷ್ಟೇ ಅಲ್ಲ, ಕಿರಿಯರಿಗೂ ಇದೆ. ಆದರೆ ಒಂದೇ ಚಳಿಗಾಲಕ್ಕೆ ಚಿಕ್ಕದಾಗಿಬಿಡುವ ಮಗುವಿನ ದಪ್ಪ ಕೋಟಿಗೆ ಹೊಸ ಅಂಗಡಿಯ ಬೆಲೆ ತೆರುವುದಕ್ಕಿಂತ ಥ್ರಿಫ್ಟ್ ಅಂಗಡಿಯಲ್ಲಿ ಕೊಳ್ಳುವುದು ಜಾಣತನ, ಮತ್ತು ಆ ಹಣ ಇನ್ನೊಂದು ಮಗುವಿನ ನೆರವಿಗೆ ಹೋಗುತ್ತದೆ. ಕೊಡುವಾಗ ಒಗೆದು, ಗುಂಡಿ ಮತ್ತು ಜಿಪ್ಪು ಸರಿಯಿದೆಯೇ ನೋಡಿ, ರಸೀದಿ ಕೇಳಿ ಪಡೆಯಿರಿ. ಹರಿದದ್ದನ್ನು ಕೊಟ್ಟರೆ ಅದನ್ನು ವಿಂಗಡಿಸಿ ಎಸೆಯುವ ಶ್ರಮ ಸ್ವಯಂಸೇವಕರ ಮೇಲೆಯೇ ಬೀಳುತ್ತದೆ. ಮಕ್ಕಳಿಗೆ ಚಿಕ್ಕದಾದ ಚಳಿಗಾಲದ ಕೋಟು, ಬೂಟುಗಳನ್ನು ಮಾರ್ಚ್‌ನಲ್ಲಿ ಕೊಡುವುದಕ್ಕಿಂತ ಒಗೆದು ಎತ್ತಿಟ್ಟು ಸೆಪ್ಟೆಂಬರ್‌ನಲ್ಲಿ ಕೊಡಿ. ಅಂಗಡಿಯಲ್ಲಿ ಅವುಗಳನ್ನು ಹುಡುಕಿ ಬರುವವರು ಆಗ ಹೆಚ್ಚು, ಮತ್ತು ಅವರಲ್ಲಿ ಆಗಷ್ಟೇ ಬೆಂಗಳೂರಿನಿಂದ ಬಂದಿಳಿದ ಕುಟುಂಬವೂ ಇರಬಹುದು.