ಹಳೇ ಜೆಟ್ ಕೊಳ್ಳುವ ಮುಂಚೆ ಕಾರ್ಪೆಟ್ ಎತ್ತಿಸಿ ನೋಡಿ

"ಡಾಕ್ಟರ್ ಓಡಿಸಿದ ಗಾಡಿ ಸರ್, ಕಮ್ಮಿ ಓಡಿದೆ" ಅನ್ನುತ್ತಾರಲ್ವಾ ಸೆಕೆಂಡ್ ಹ್ಯಾಂಡ್ ಕಾರು ಮಾರುವವರು? ಹಳೇ ಬಿಸಿನೆಸ್ ಜೆಟ್ ಮಾರುವವರ ಮಾತೂ ಹೆಚ್ಚುಕಮ್ಮಿ ಅದೇ. ಆದರೆ ವಿಮಾನ ಕಮ್ಮಿ ಹಾರಿದೆ ಅಂದರೆ ಖುಷಿಪಡಬೇಕಿಲ್ಲ. ಸುಮ್ನೆ ನಿಂತ ವಿಮಾನದ ರಬ್ಬರ್ ಸೀಲುಗಳು ಒಣಗುತ್ತವೆ, ಲೋಹಕ್ಕೆ ತುಕ್ಕು ಹತ್ತುತ್ತದೆ.

ಅಮೆರಿಕದ ಸೆಸ್ನಾ ಸೈಟೇಶನ್ ಸಿಜೆ3 ನೋಡಲು ಹೊರಟಿದ್ದೀರಿ ಅಂದುಕೊಳ್ಳಿ. ಒಬ್ಬನೇ ಪೈಲಟ್ ಹಾರಿಸಬಹುದಾದ ಪುಟ್ಟ ಜೆಟ್ ಇದು.

ಮೊದಲು ಲಾಗ್‌ಬುಕ್ ತರಿಸಿ. ವಿಮಾನ ಆಮೇಲೆ ನೋಡಿದರಾಯಿತು. ಕಾರ್ಖಾನೆ ಬಿಟ್ಟ ದಿನದಿಂದ ಇವತ್ತಿನವರೆಗೆ ದಾಖಲೆ ನಡುವೆ ಎಲ್ಲೂ ತಪ್ಪಿರಬಾರದು. ಒಂದು ಪುಸ್ತಕ ಕಳೆದಿದ್ದರೂ ಬೆಲೆ ಬೀಳುತ್ತದೆ. ಹಾರಿದ ಗಂಟೆಗಳ ಜೊತೆ ಸೈಕಲ್ ಲೆಕ್ಕವೂ ಬೇಕು. ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ದೊಡ್ಡ ರಿಪೇರಿ, ಬದಲಾವಣೆಗಳಿಗೆ ಅಮೆರಿಕದಲ್ಲಿ ಫಾರ್ಮ್ 337 ಅಂತ ಸರ್ಕಾರಿ ದಾಖಲೆ ಇರುತ್ತದೆ. ಅದನ್ನು ಕಂಡು ಗಾಬರಿ ಬೇಡ. ರೆಕ್ಕೆಗೆ ತೇಪೆ ಬಿದ್ದಿದ್ದು ಫಾರ್ಮ್ ಇಲ್ಲದಿದ್ದರೆ ಗಾಬರಿಯಾಗಿ.

ಆಮೇಲೆ ಎಂಜಿನ್. ದುಡ್ಡೆಲ್ಲ ಇರುವುದೇ ಇಲ್ಲಿ. ಸಿಜೆ3ಯ ಎರಡು ವಿಲಿಯಮ್ಸ್ ಎಂಜಿನ್‌ಗಳಿಗೆ 4,000 ಗಂಟೆಗೆ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸರಿಪಡಿಸುವ ಕೆಲಸ. 3,800 ಗಂಟೆ ಹಾರಿದ್ದು ಅಗ್ಗಕ್ಕೆ ಸಿಕ್ಕರೆ, ಆ ಅಗ್ಗದ ಬಾಕಿ ನೀವೇ ಕಟ್ಟುತ್ತೀರಿ. ಆ ಖರ್ಚನ್ನು ಗಂಟೆಗಿಷ್ಟು ಅಂತ ಮೊದಲೇ ಕಟ್ಟಿಕೊಂಡು ಬರುವ ಎಂಜಿನ್ ಪ್ರೋಗ್ರಾಮ್‌ನಲ್ಲಿದ್ದರೆ ಧೈರ್ಯ ಜಾಸ್ತಿ. ಕಂತು ಬಾಕಿ ಇದೆಯಾ, ಅದು ನಿಮ್ಮ ಹೆಸರಿಗೆ ಬರುತ್ತದಾ ಅಂತ ಪ್ರೋಗ್ರಾಮ್ ನಡೆಸುವವರಿಂದಲೇ ಪತ್ರ ತರಿಸಿ. ಮಾರುವವರ ಬಾಯಿಮಾತು ನಡೆಯುವುದಿಲ್ಲ.

ಇಷ್ಟು ಒಪ್ಪಿಗೆಯಾದರೆ ಪ್ರೀ-ಬೈ, ಅಂದರೆ ಕೊಳ್ಳುವ ಮುಂಚಿನ ತಪಾಸಣೆ. ಆ ವಿಮಾನವನ್ನು ವರ್ಷವರ್ಷ ನೋಡಿಕೊಂಡ ವರ್ಕ್‌ಶಾಪ್‌ಗೆ ಬೇಡ. ತಮ್ಮ ಕೆಲಸಕ್ಕೆ ತಾವೇ ತಪ್ಪು ಹುಡುಕುವವರು ಎಷ್ಟು ಜನ? ಬೋರೋಸ್ಕೋಪ್ ಅಂತ ಬೆರಳಿಗಿಂತ ತೆಳ್ಳಗಿನ ಕ್ಯಾಮೆರಾ ಕೊಳವೆಯನ್ನು ಎಂಜಿನ್ ಒಳಗೆ ತೂರಿಸಿ, ಬ್ಲೇಡಿನ ಅಂಚು ಸುಟ್ಟಿದೆಯಾ, ಚಕ್ಕೆ ಎದ್ದಿದೆಯಾ ನೋಡುತ್ತಾರೆ. ನೀವೂ ಪಕ್ಕದಲ್ಲಿ ನಿಂತು ಪರದೆ ನೋಡಿ. ಕಾರ್ಪೆಟ್ ಎತ್ತಿಸಿ, ಟಾಯ್ಲೆಟ್ ಮತ್ತು ಕಾಫಿ ಇಡುವ ಜಾಗದ ಕೆಳಗಿನ ಹಲಗೆ ಬಿಚ್ಚಿಸಿ. ವರ್ಷಗಳಿಂದ ಚೆಲ್ಲಿದ್ದೆಲ್ಲ ಇಳಿದಿರುವುದು ಅಲ್ಲಿಗೇ. ಅಲ್ಯೂಮಿನಿಯಂ ತುಕ್ಕು ಕಬ್ಬಿಣದ ಹಾಗೆ ಕೆಂಪಗಿರುವುದಿಲ್ಲ. ಬಣ್ಣ ಉಬ್ಬಿ, ಕೆಳಗೆ ಬಿಳಿ ಪುಡಿ ಕಾಣುತ್ತದೆ. ಫ್ಲೋರಿಡಾದ ಕಡಲ ಗಾಳಿಯಲ್ಲಿ ನಿಂತಿದ್ದ ವಿಮಾನವಾದರೆ ಇನ್ನೂ ಹುಷಾರು. ಸೀಟಿನ ಲೆದರ್ ಹರಿದಿದ್ದರೆ ಬಿಡಿ, ಅದು ಚೌಕಾಸಿಗೆ ಒಳ್ಳೆಯದೇ.

ಹಣ ನೇರವಾಗಿ ಮಾರುವವರ ಕೈಗೆ ಕೊಡಬೇಡಿ, ವ್ಯವಹಾರ ಮುಗಿಯುವ ತನಕ ಮೂರನೆಯವರು ಹಣ ಕಾಯ್ದಿಡುವ ಎಸ್ಕ್ರೋ ಖಾತೆಯಲ್ಲಿಡಿ. ಹಾರಾಟಕ್ಕೆ ಅಡ್ಡಿಯಾಗುವ ದೋಷ ಸಿಕ್ಕರೆ ರಿಪೇರಿ ಖರ್ಚು ಯಾರದು, ಬೇಡವೆಂದರೆ ಮುಂಗಡ ವಾಪಸ್ ಬರುತ್ತದಾ ಎನ್ನುವುದು ತಪಾಸಣೆಗೆ ಮುಂಚೆಯೇ ಕರಾರಿನಲ್ಲಿರಲಿ. ಸಾಲ, ತಕರಾರು ಇದೆಯಾ ಅಂತ ಓಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ನೋಂದಣಿ ಕಚೇರಿಯ ದಾಖಲೆಯಲ್ಲಿ ಹುಡುಕಿಸಬೇಕು.

ವಿಮಾನವನ್ನು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ತರುವ ಯೋಚನೆಯಿದ್ದರೆ ಇನ್ನೊಂದು ಕೆಲಸ ಮೊದಲೇ ಮುಗಿಸಿ. ಹಳೇ ವಿಮಾನದ ಆಮದಿಗೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ವಯಸ್ಸಿನ ಮಿತಿ ಇಟ್ಟಿದೆ. ಅದನ್ನು ದಾಟಿದ ವಿಮಾನ ಎಷ್ಟೇ ಚೆನ್ನಾಗಿದ್ದರೂ, ಅದರ ಬಾಲದ ಮೇಲೆ ಭಾರತದ ನೋಂದಣಿ ಗುರುತಾದ 'ವಿಟಿ' ಅಕ್ಷರ ಬೀಳುವುದಿಲ್ಲ.