ಎಲೆ ಚಹಾ: ಕುದಿಸುವುದನ್ನು ಬಿಟ್ಟು ನೆನೆಸಲು ಕಲಿಯಿರಿ

ಡಾರ್ಜಿಲಿಂಗ್ ಪ್ರವಾಸ ಮುಗಿಸಿ ಬಂದ ನೆಂಟರೊಬ್ಬರು ದಾವಣಗೆರೆಯ ವಿದ್ಯಾನಗರದ ತಮ್ಮ ಮನೆಗೆ ನನ್ನನ್ನು ಕರೆದು, ಅಲ್ಲಿಂದ ತಂದಿದ್ದ ಎಲೆ ಚಹಾದ ಡಬ್ಬಿಯನ್ನು ನನ್ನೆದುರೇ ತೆರೆದರು. ಮುಚ್ಚಳ ತೆಗೆದಾಗ ಹೂವಿನಂಥ ಪರಿಮಳ ಕೋಣೆಯಲ್ಲೆಲ್ಲ ಹರಡಿತು. ಹತ್ತು ನಿಮಿಷದ ನಂತರ ಕೈಗೆ ಬಂದ ಲೋಟದಲ್ಲಿ ಅದರ ಸುಳಿವೂ ಇರಲಿಲ್ಲ. ಹಾಲು, ನೀರು, ಸಕ್ಕರೆ ಮತ್ತು ಜಜ್ಜಿದ ಶುಂಠಿಯ ಜೊತೆಗೆ ಎಲೆಯನ್ನೂ ಪಾತ್ರೆಗೆ ಹಾಕಿ ಮೂರು ಸಲ ಉಕ್ಕಿಸಿ ಇಳಿಸಿದ್ದರು. "ಏನ್ರೀ ಇದು, ಇಷ್ಟು ದುಡ್ಡು ಕೊಟ್ಟು ತಂದದ್ದಕ್ಕೆ ರಂಗೂ ಇಲ್ಲ, ರುಚಿಯೂ ಇಲ್ಲ" ಎಂದು ಅವರೇ ಬೇಸರಪಟ್ಟುಕೊಂಡರು. ಇದೇ ಪ್ರಸಂಗವನ್ನು ಬೇರೆ ಬೇರೆ ಮನೆಗಳಲ್ಲಿ ನಾಲ್ಕಾರು ಬಾರಿ ಕಂಡ ಮೇಲೆ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಕಡೆ ಚಹಾಪುಡಿಗೆ ಟೀ ಸೊಪ್ಪು ಎನ್ನುವ ರೂಢಿಯಿದ್ದರೂ ಅಂಗಡಿಯ ಪೊಟ್ಟಣದಲ್ಲಿ ಸೊಪ್ಪಿನ ರೂಪವೇ ಉಳಿದಿರುವುದಿಲ್ಲ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ ಸಿಟಿಸಿ ಎಂಬ ವಿಧಾನದಲ್ಲಿ ಹಲ್ಲುಗಳಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಸಣ್ಣ ಕಾಳುಗಳನ್ನಾಗಿ ಮಾಡಲಾಗುತ್ತದೆ. ಈ ಕಾಳು ಬೇಗ ಬಣ್ಣ ಬಿಡುತ್ತದೆ, ಕುದಿಸಿದರೆ ಗಟ್ಟಿಯಾಗುತ್ತದೆ, ಅದರ ಒಗರನ್ನು ಹಾಲಿನ ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಬೆಣ್ಣೆ ದೋಸೆ ಹೋಟೆಲಿನ ಚಹಾಕ್ಕೆ ಸಿಟಿಸಿಯೇ ಸರಿ, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಆರ್ಥೊಡಾಕ್ಸ್ ಎಂದು ಮಾರಾಟವಾಗುವ ಎಲೆ ಚಹಾದಲ್ಲಿ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಣ್ಣ ತಿರುಗಲು ಬಿಟ್ಟು ಒಣಗಿಸಿರುತ್ತಾರೆ. ಅದು ನಿಧಾನವಾಗಿ ಬಿಚ್ಚಿಕೊಳ್ಳುವ ಎಲೆ. ಒಲೆಯ ಮೇಲೆ ಕುದಿಸಿದರೆ ಪರಿಮಳ ಹಬೆಯೊಡನೆ ಹೋಗಿ ಒಗರು ಮಾತ್ರ ಪಾತ್ರೆಯಲ್ಲಿ ಉಳಿಯುತ್ತದೆ.

ಮೊದಲು ಕೊಳ್ಳುವ ವಿಚಾರ. ಹೊಸಬರು ನೀಲಗಿರಿಯ ಆರ್ಥೊಡಾಕ್ಸ್ ಕಪ್ಪು ಚಹಾದಿಂದಲೇ ಆರಂಭಿಸಬೇಕು ಎಂಬುದು ನನ್ನ ಖಚಿತ ಸಲಹೆ. ಅದರಲ್ಲಿ ಒಗರು ಕಡಿಮೆ, ಒಂದು ನಿಮಿಷ ಹೆಚ್ಚು ನೆನೆದರೂ ಕುಡಿಯಲು ಬರುತ್ತದೆ, ಡಾರ್ಜಿಲಿಂಗಿನಷ್ಟು ದುಬಾರಿಯೂ ಅಲ್ಲ. ಹಸಿರು ಚಹಾದಿಂದ ಶುರು ಮಾಡಬೇಡಿ. ನೀರಿನ ಬಿಸಿ ಸ್ವಲ್ಪ ತಪ್ಪಿದರೂ ಅದು ಬೇವಿನ ಕಷಾಯವಾಗುತ್ತದೆ, ಮತ್ತೆ ನೀವು ಎಲೆ ಚಹಾದ ಹೆಸರೆತ್ತುವುದಿಲ್ಲ. ಮಂಡಿಪೇಟೆಯಲ್ಲಿ ಕೇಳಿದಾಗ ನನಗೆ ಹೆಚ್ಚಾಗಿ ತೋರಿಸಿದ್ದು ಡಸ್ಟ್ ಎಂಬ ನುಣ್ಣನೆಯ ಪುಡಿ ಮತ್ತು ಸಿಟಿಸಿ ಮಾತ್ರ, ಆದ್ದರಿಂದ ಊಟಿ, ಕೂನೂರಿನ ಕಡೆ ಹೋಗುವವರ ಕೈಯಲ್ಲಿ ತರಿಸಿಕೊಳ್ಳಿ, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ. ಪೊಟ್ಟಣದ ಮೇಲಿನ ಎಫ್‌ಟಿಜಿಎಫ್‌ಒಪಿಯಂಥ ಉದ್ದನೆಯ ಅಕ್ಷರಮಾಲೆ ಎಲೆಯ ಗಾತ್ರವನ್ನೂ ಚಿಗುರಿನ ಪ್ರಮಾಣವನ್ನೂ ಹೇಳುತ್ತದೆಯೇ ಹೊರತು ರುಚಿಗೆ ಜಾಮೀನು ಕೊಡುವುದಿಲ್ಲ, ಅದರ ಕೊನೆಯ ಒಪಿ, ಅಂದರೆ ಆರೆಂಜ್ ಪೆಕೋ ಎಂಬ ಹೆಸರಿನಲ್ಲಿ ಕಿತ್ತಳೆಯೂ ಇಲ್ಲ. ಅಕ್ಷರಗಳಿಗಿಂತ ಪ್ಯಾಕ್ ಮಾಡಿದ ತಿಂಗಳನ್ನು ನೋಡಿ, ಮೊದಲ ಸಲ 50 ಗ್ರಾಂ ಮಾತ್ರ ಕೊಳ್ಳಿ. ಜೇನು, ನಿಂಬೆ, ತುಳಸಿಯ ಪರಿಮಳ ಬೆರೆಸಿದ್ದನ್ನೂ ಹೊಟ್ಟೆ ಕರಗಿಸುತ್ತದೆ ಎಂದು ಸಾರುವುದನ್ನೂ ಬಿಟ್ಟುಬಿಡಿ, ಅಂಥವುಗಳಲ್ಲಿ ಎಲೆಯ ದೋಷ ಮುಚ್ಚಿಹೋಗುತ್ತದೆ.

ನೀರಿನ ವಿಷಯದಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ನಾವು ಸ್ವಲ್ಪ ಎಚ್ಚರ ವಹಿಸಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಚಹಾ ಮಾಡಿದರೆ ಮೇಲೆ ಎಣ್ಣೆಯಂಥ ತೆಳುಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಹಾಲಿನ ಚಹಾದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಬಿಳಿ ಕಪ್ಪಿನ ಕರಿ ಚಹಾದಲ್ಲಿ ಎದ್ದು ಕಾಣುತ್ತದೆ. ಹಾಗೆಂದು ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಪೂರ್ತಿ ಬಳಸಿದರೆ ಲವಣವೆಲ್ಲ ಹೋಗಿರುವ ಆ ನೀರಿನಲ್ಲಿ ಚಹಾ ಸಪ್ಪೆಯಾಗುತ್ತದೆ. ನಮ್ಮ ಮನೆಯಲ್ಲಿ ಕ್ಯಾನಿನ ನೀರು ಮೂರು ಪಾಲು, ನಲ್ಲಿಯಲ್ಲಿ ಬರುವ ಹೊಳೆ ನೀರು ಒಂದು ಪಾಲು ಬೆರೆಸುತ್ತೇವೆ.

ಪಾತ್ರೆಗೆ ಖರ್ಚು ಮಾಡಬೇಡಿ. ನೀರು ಕಾಯಿಸಲು ಒಂದು ಪಾತ್ರೆ, ಎಲೆ ನೆನೆಸಲು ಮುಚ್ಚಳವಿರುವ ಪಿಂಗಾಣಿ ಅಥವಾ ಗಾಜಿನ ಪಾತ್ರೆ, ಒಂದು ಜಾಲರಿ, ಒಳಗೆ ಬಿಳಿ ಇರುವ ಕಪ್ಪು, ಇಷ್ಟು ಸಾಕು. ಸರಪಳಿ ಕಟ್ಟಿದ ಸ್ಟೀಲಿನ ತೂತುಗುಂಡನ್ನು ಮಾತ್ರ ಯಾರು ಉಡುಗೊರೆ ಕೊಟ್ಟರೂ ಬಳಸಬೇಡಿ, ಅದರೊಳಗೆ ಎಲೆ ಅರಳಲು ಜಾಗವಿಲ್ಲದೆ ಮಧ್ಯದ ಮುದ್ದೆ ಒಣಗಿದಂತೆಯೇ ಉಳಿಯುತ್ತದೆ.

ಅಳತೆ 150ರಿಂದ 200 ಮಿಲಿಲೀಟರಿನ ಒಂದು ಕಪ್ಪಿಗೆ 2ರಿಂದ 2.5 ಗ್ರಾಂ. ಅಡುಗೆಮನೆಯಲ್ಲಿ ತಕ್ಕಡಿ ಇಲ್ಲದವರು 50 ಗ್ರಾಂ ಪೊಟ್ಟಣವನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು ಕಣ್ಣಳತೆಯಲ್ಲಿ ಐದು ಗುಡ್ಡೆ ಮಾಡಿ, ಒಂದು ಗುಡ್ಡೆಯನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಪಾಲೂ ಎರಡೂವರೆ ಗ್ರಾಂ ಆಗುತ್ತದೆ. ಆ ಪಾಲು ನಿಮ್ಮ ಚಮಚದಲ್ಲಿ ಎಷ್ಟು ಬರುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ಉದ್ದ ಎಲೆಯಾದರೆ ಎರಡು ಚಮಚ ತುಂಬಬಹುದು, ಗಟ್ಟಿಯಾಗಿ ಹೊಸೆದದ್ದಾದರೆ ಒಂದೂ ತುಂಬದೆ ಇರಬಹುದು. ಚಮಚದ ಲೆಕ್ಕವನ್ನೇ ನಂಬಿದವರ ಚಹಾ ಒಂದು ದಿನ ನೀರಾಗಿ, ಮರುದಿನ ಕಷಾಯವಾಗಿ ಬರುವುದು ಇದರಿಂದಲೇ.

ಈಗ ಜನ ಹೆಚ್ಚು ಎಡವುವ ಹಂತಕ್ಕೆ ಬರೋಣ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಮರಳುತ್ತದೆ. ಕಪ್ಪು ಚಹಾಕ್ಕೆ ಈ ಬಿಸಿಯೇ ಬೇಕು, ಆರಿಸುವ ಅಗತ್ಯವಿಲ್ಲ. ಡಾರ್ಜಿಲಿಂಗಿನ ವಸಂತದ ಮೊದಲ ಕೊಯ್ಲಿಗೆ 90 ಡಿಗ್ರಿಯ ಒಳಗಿನ, ಹಸಿರು ಚಹಾಕ್ಕೆ 75ರಿಂದ 80 ಡಿಗ್ರಿಯ ನೀರು ಸಾಕು. ಥರ್ಮಾಮೀಟರ್ ಇಲ್ಲದೆ ಇದನ್ನು ತಿಳಿಯುವುದಕ್ಕೆ ಚೀನಾದವರು ಗುಳ್ಳೆಗಳಿಗೆ ಸೀಗಡಿಯ ಕಣ್ಣು, ಏಡಿಯ ಕಣ್ಣು, ಮೀನಿನ ಕಣ್ಣು ಎಂದು ಹೆಸರಿಟ್ಟಿದ್ದಾರೆ. ನಾನು ನಮ್ಮ ಡಬ್ಬಿಗಳಲ್ಲಿರುವ ಕಾಳುಗಳನ್ನೇ ನೆನಪಿಟ್ಟುಕೊಂಡಿದ್ದೇನೆ: ತಳದಲ್ಲಿ ಸಾಸಿವೆಯಷ್ಟು ಗುಳ್ಳೆ ಕಟ್ಟಿದಾಗ ಹಸಿರು ಚಹಾಕ್ಕೆ, ಜೋಳದ ಕಾಳಿನಷ್ಟಾಗಿ ಮೇಲೇಳತೊಡಗಿದಾಗ ಡಾರ್ಜಿಲಿಂಗಿಗೆ, ಎಸರು ಪೂರ್ತಿ ಮರಳಿದಾಗ ನೀಲಗಿರಿ ಮತ್ತು ಅಸ್ಸಾಮಿಗೆ.

ನೀರು ಮರಳಿದ ಕೂಡಲೇ ಅದರಲ್ಲಿ ಸ್ವಲ್ಪವನ್ನು ನೆನೆಸುವ ಪಾತ್ರೆಗೆ ಹಾಕಿ ತಿರುಗಿಸಿ ಚೆಲ್ಲಿ. ತಣ್ಣನೆಯ ಪಿಂಗಾಣಿ ನೀರಿನ ಬಿಸಿಯನ್ನು ಕ್ಷಣದಲ್ಲಿ ಹೀರಿಕೊಂಡು ಎಲೆಯನ್ನು ಅರೆಬಿಸಿಯಲ್ಲಿ ನೆನೆಸುವುದರಿಂದ ಈ ಕೆಲಸವನ್ನು ತಪ್ಪಿಸಬೇಡಿ. ನಂತರ ಎಲೆ ಹಾಕಿ, ಒಲೆ ಆರಿಸಿ, ನೀರನ್ನು ಎಲೆಯ ಮೇಲೆ ಸುರಿದು ಮುಚ್ಚಿ. ಸಮಯವನ್ನು ಮೊಬೈಲಿನಲ್ಲಿ ಹಿಡಿಯಿರಿ: ನೀಲಗಿರಿಗೆ ಮೂರು ನಿಮಿಷ, ಅಸ್ಸಾಮಿಗೆ ಮೂರೂವರೆ, ಡಾರ್ಜಿಲಿಂಗಿಗೆ ಎರಡೂವರೆ, ಹಸಿರಿಗೆ ಎರಡು. ಬಣ್ಣ ನೋಡಿ ತೀರ್ಮಾನಿಸಬಾರದು, ಏಕೆಂದರೆ ಕಪ್ಪು ಚಹಾದ ರಂಗು ಮೊದಲ ನಿಮಿಷದಲ್ಲೇ ಸಾಕಷ್ಟು ಬಂದುಬಿಡುತ್ತದೆ, ಬಾಯಿ ತುಂಬುವ ಗಟ್ಟಿತನ ಆಮೇಲೆ ಬರುತ್ತದೆ. ರಂಗು ಸಾಲದೆಂದು ಪಾತ್ರೆಯನ್ನು ಮತ್ತೆ ಒಲೆಗೆ ಏರಿಸುವವರನ್ನೂ, ಎಲೆಯನ್ನು ಚಮಚದ ಬೆನ್ನಿನಿಂದ ಒತ್ತಿ ಹಿಂಡುವವರನ್ನೂ ನೋಡಿದ್ದೇನೆ. ಹಿಂಡಿದಾಗ ಬರುವುದು ಬರೀ ಒಗರು.

ನಿಮ್ಮ ನಾಲಿಗೆಗೆ ಎಷ್ಟು ನಿಮಿಷ ಸರಿ ಎಂದು ಕಂಡುಕೊಳ್ಳಲು ಒಂದು ಭಾನುವಾರ ಹೀಗೆ ಮಾಡಿ. ಒಂದೇ ಪಾತ್ರೆಯಿಂದ ಒಂದನೆಯ ನಿಮಿಷಕ್ಕೊಂದು, ಎರಡಕ್ಕೊಂದು, ಹೀಗೆ ಆರನೆಯ ನಿಮಿಷದವರೆಗೆ ಒಂದೊಂದು ಚಮಚ ತೆಗೆದು ರುಚಿ ನೋಡಿ. ಮೊದಲ ಚಮಚ ಬಣ್ಣದ ಬಿಸಿನೀರಿನಂತಿರುತ್ತದೆ. ಮೂರರ ಹೊತ್ತಿಗೆ ಪರಿಮಳ ಗಂಟಲಿನ ಹಿಂಭಾಗದಲ್ಲಿ ನಿಲ್ಲುತ್ತದೆ. ಐದರ ನಂತರ ಹಸಿ ಅಡಿಕೆ ಅಗಿದಾಗ ಆಗುವಂತೆ ಕೆನ್ನೆಯ ಒಳಭಾಗ ಹಿಡಿದುಕೊಳ್ಳುತ್ತದೆ. ಚನ್ನಗಿರಿ ಕಡೆಯವರಿಗೆ ಈ ಒಗರನ್ನು ವಿವರಿಸಬೇಕಾಗಿಲ್ಲ. ಅದು ಶುರುವಾಗುವುದಕ್ಕೆ ಒಂದು ನಿಮಿಷ ಮುಂಚಿನ ಗಳಿಗೆ ನಿಮ್ಮದು.

ಆ ಗಳಿಗೆ ಬಂದಾಗ ಚಹಾವನ್ನು ಕೊನೆಯ ಹನಿಯವರೆಗೂ ಜಾಲರಿಯ ಮೂಲಕ ಬೇರೆ ಪಾತ್ರೆಗೆ ಬಸಿಯಬೇಕು. ಒಂದು ಕಪ್ಪು ಸುರಿದುಕೊಂಡು ಉಳಿದದ್ದನ್ನು ಎಲೆಯ ಮೇಲೆಯೇ ಬಿಟ್ಟರೆ ಎರಡನೆಯ ಕಪ್ಪು ಕಹಿಯಾಗಿರುತ್ತದೆ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಎಂಟು ಮನೆಗಳ ಚಹಾ ಕೆಡುವುದು ಇಲ್ಲಿಯೇ. ಹಸಿರು ಎಲೆಗೆ ಮತ್ತು ಹಸಿರಿಗೂ ಕಪ್ಪಿಗೂ ನಡುವಿನದಾದ ಊಲಾಂಗ್ ಎಲೆಗೆ ಮತ್ತೆ ನೀರು ಹಾಕಿ ಎರಡನೆಯ ಬಾರಿ ಕುಡಿಯಬಹುದು, ಕಪ್ಪು ಎಲೆಗೆ ಆ ಶ್ರಮ ಬೇಡ.

ಹಾಲು ಹಾಕಲೇಬೇಕು ಎನ್ನುವವರು ಅಸ್ಸಾಮಿನ ಎಲೆಯನ್ನು ಐದು ನಿಮಿಷ ನೆನೆಸಿ, ಬಸಿದ ನಂತರ ಎರಡು ಚಮಚ ಬಿಸಿಹಾಲು ಸೇರಿಸಿಕೊಳ್ಳಲಿ. ಡಾರ್ಜಿಲಿಂಗಿಗೆ ಹಾಲು ಹಾಕುವುದಾದರೆ ಆ ದುಡ್ಡಿಗೆ ಒಳ್ಳೆಯ ಸಿಟಿಸಿ ಕೊಳ್ಳಿ. ಸಕ್ಕರೆಯನ್ನು ಒಮ್ಮೆಗೇ ಬಿಡಬೇಡಿ, ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಊಟದ ಜೊತೆಗೆ ಕುಡಿದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದಕ್ಕೆ ಚಹಾ ಅಡ್ಡಿ ಮಾಡುತ್ತದೆ, ಆದ್ದರಿಂದ ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿಡಬೇಕು.

ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಒಲೆಯಿಂದಲೂ ಸಾರಿನ ಪುಡಿಯಿಂದಲೂ ದೂರವಿಡಿ. ಮಲ್ಲಿಗೆಯ ಪಕ್ಕದಲ್ಲಿಟ್ಟರೆ ಮಲ್ಲಿಗೆ ಚಹಾವಾಗುವ ಎಲೆ, ಮಸಾಲೆಯ ಪಕ್ಕದಲ್ಲಿಟ್ಟರೆ ಧನಿಯ ಚಹಾವಾಗುತ್ತದೆ. ಏಪ್ರಿಲ್‌, ಮೇ ತಿಂಗಳ ಬಿಸಿಲಿಗೆ ಅರ್ಧ ಲೀಟರ್ ತಣ್ಣೀರಿಗೆ 5 ಗ್ರಾಂ ನೀಲಗಿರಿ ಎಲೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿದರೆ, ಒಲೆ ಹಚ್ಚದೆಯೇ ಒಗರಿಲ್ಲದ ತಂಪು ಚಹಾ ಸಿದ್ಧ.

ಚರಟವನ್ನು ಚೆಲ್ಲುವ ಮುನ್ನ ಒಂದು ಚಿಟಿಕೆಯನ್ನು ಬಿಳಿ ತಟ್ಟೆಯ ಮೇಲೆ ಹರಡಿ, ಸ್ವಲ್ಪ ನೀರು ಹಾಕಿ ಬೆರಳಿನಿಂದ ಬಿಡಿಸಿ ನೋಡಿ. ಒಳ್ಳೆಯ ಎಲೆಯಾಗಿದ್ದರೆ ಅಂಚಿನ ಗರಗಸದಂಥ ಹಲ್ಲು, ನಡುವಿನ ನರ, ಕೆಲವೆಡೆ ಜೋಡಿ ಎಲೆಯ ನಡುವಿನ ಮೊಗ್ಗು ಸಹ ಕಾಣುತ್ತದೆ. ಬರೀ ಕಡ್ಡಿ ಮತ್ತು ಚೂರುಗಳೇ ಸಿಕ್ಕಿದರೆ ಆ ಅಂಗಡಿಯಲ್ಲಿ ಮತ್ತೆ ಕೊಳ್ಳಬೇಡಿ.